ಪಕ್ಕದ ಹೊಲದವರಿಗೆ ಹೇಳುವ ಕೆಲಸ

ಹತ್ತು ಗಂಟೆಗೆ ಸಭೆ ಎಂದರೆ ನಮ್ಮ ಕಡೆ ಹನ್ನೊಂದಕ್ಕೆ ಕುರ್ಚಿಯ ಧೂಳು ಒರೆಸಲು ಶುರು ಮಾಡುತ್ತಾರೆ. ಹನ್ನೊಂದೂವರೆಗೆ ಅಧ್ಯಕ್ಷರು ಬರುತ್ತಾರೆ. ಅವರಿಗಿಂತ ಮೊದಲು ಬಂದು ಕೂತರೆ ತಮ್ಮ ತೂಕ ಕಡಿಮೆಯಾದೀತು ಎಂದು ಟೀ ಅಂಗಡಿಯಲ್ಲಿ ಕಾಯುತ್ತಿದ್ದ ಮಿಕ್ಕ ನಿರ್ದೇಶಕರು ಆಮೇಲೆ ಒಬ್ಬೊಬ್ಬರಾಗಿ ಒಳಗೆ ಬರುತ್ತಾರೆ. ಇದಕ್ಕೆ ನಾನು ಉಪಾಯ ಕಂಡುಕೊಂಡಿದ್ದೆ. ಹತ್ತಕ್ಕೆ ಬೇಕಾದ ಸಭೆಯನ್ನು ಎಂಟೂವರೆಗೆ ಕರೆಯುತ್ತಿದ್ದೆ. ಉಪಾಯವೇ ಸಿಗದೆ ನನ್ನನ್ನು ಹಣ್ಣು ಮಾಡಿದ್ದು ಇನ್ನೊಂದು: ಬಂದು ಕೂತ ಮೇಲೆ ಕೇಳಿದ್ದಕ್ಕೆಲ್ಲ ಎಲ್ಲರೂ ತಕ್ಷಣ ಒಪ್ಪಿಕೊಂಡುಬಿಡುತ್ತಿದ್ದರು.

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯ ಒಂದು ಊರಿನಲ್ಲಿ ರೇಷ್ಮೆ ಬೆಳೆಗಾರರೇ ಸೇರಿ ಕಟ್ಟಿಕೊಂಡ ಸಣ್ಣ ಕಂಪನಿಗೆ ನಾನು ವ್ಯವಸ್ಥಾಪಕಿ. ನನ್ನ ಊರು ಅಲ್ಲಿಂದ ದೂರ, ಕೆರಗೋಡಿನ ಹತ್ತಿರ. ಅಪ್ಪನದು ಹೆಬ್ಬೆಟ್ಟು, ಅವ್ವನದು ಮೂರನೇ ಕ್ಲಾಸು. ಬೆಳಗಿನ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ಬಂದು ಮಾಡಿದ ಡಿಗ್ರಿ ನನ್ನದು, ಅದರ ಮೇಲೆ ರೇಷ್ಮೆ ಕೃಷಿಯಲ್ಲಿ ಎಂ.ಎಸ್ಸಿ. ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಆ ಡಿಗ್ರಿ ನೋಡಿಯೇ ಮೂವತ್ತು ಮನೆಯವರು ನನ್ನ ಮಾತು ನಂಬಿದ್ದರು.

ನಂಬಿದ್ದು ಯಾವುದಕ್ಕೆ ಎಂದರೆ ಚಾಕಿ ಕೇಂದ್ರಕ್ಕೆ. ಮೊಟ್ಟೆಯಿಂದ ಹೊರಬಂದ ರೇಷ್ಮೆ ಹುಳು ಇರುವೆಗಿಂತ ಚಿಕ್ಕದು. ಅದನ್ನು ಎರಡನೇ ಜ್ವರ ಏಳುವವರೆಗೆ, ಅಂದರೆ ಎರಡು ಸಲ ಪೊರೆ ಕಳಚುವವರೆಗೆ, ಒಂದೇ ಕಡೆ ಹದವಾದ ಬಿಸಿ ಮತ್ತು ತೇವದಲ್ಲಿ ಸಾಕಿ, ಆಮೇಲೆ ರೈತರ ಹುಳು ಮನೆಗೆ ಕೊಡುವುದು ಚಾಕಿ. ಅಲ್ಲಿಯವರೆಗೆ ನಮ್ಮ ರೈತರು ಚಾಕಿ ಹುಳುವನ್ನು ಹೊರಗಿನಿಂದ ಕೊಳ್ಳುತ್ತಿದ್ದರು. ನಮ್ಮದೇ ಮಾಡಿಕೊಳ್ಳೋಣ ಎಂದು ಊರೂರು ತಿರುಗಿ ಒಪ್ಪಿಸಿದವಳು ನಾನು. ಮೊದಲ ಬೆಳೆ ನಮ್ಮ ಕೇಂದ್ರದಿಂದ ಬರುತ್ತದೆ ಎಂದು ಆ ಮೂವತ್ತು ಮನೆಯವರೂ ಹೊರಗೆ ಆರ್ಡರ್ ಕೊಡದೆ, ನಾನು ಹೇಳಿದ ವಾರಕ್ಕೆ ಸರಿಯಾಗಿ ಹಿಪ್ಪುನೇರಳೆ ಸೊಪ್ಪು ಹದಕ್ಕೆ ಬರುವ ಹಾಗೆ ತೋಟದ ಕಡ್ಡಿ ಕತ್ತರಿಸಿಕೊಂಡಿದ್ದರು. ಹುಳು ಬರದಿದ್ದರೆ ಸೊಪ್ಪು ಬಲಿತು ಹೋಗುತ್ತದೆ, ಅಷ್ಟೂ ಮನೆಗೆ ಒಂದು ಬೆಳೆ ಇಲ್ಲ. ಕೇಂದ್ರವೂ ಅಲ್ಲಿಗೆ ಮುಗಿಯುತ್ತದೆ. ಮೊದಲ ಸಲವೇ ಸತ್ತ ಹುಳು ಕೊಟ್ಟವರ ಬಳಿ ಎರಡನೇ ಸಲ ಯಾರು ಬರುತ್ತಾರೆ?

ಮಂಡ್ಯದಲ್ಲಿ ಒಂದು ತರಬೇತಿಗೆ ಹೋಗಿದ್ದಾಗ ಕೆಲಸ ಹಂಚುವ ಒಂದು ವಿಧಾನ ಕಲಿತು ಬಂದಿದ್ದೆ. ಬಿಳಿ ಬೋರ್ಡಿನ ಮೇಲೆ ಮೂರು ಅಂಕಣ: ಏನು, ಯಾರು, ಯಾವತ್ತಿಗೆ. ಪ್ರತಿ ಕೆಲಸದ ಮುಂದೆ ಒಬ್ಬರ ಹೆಸರು ಇರಲೇಬೇಕು, ಇಬ್ಬರ ಹೆಸರು ಇರಬಾರದು. ಮೊದಲ ಸಭೆಯಲ್ಲೇ ಬೋರ್ಡು ತುಂಬಿತು. ಕರೆಂಟು ಹೋದರೆ ಜನರೇಟರ್, ಅದಕ್ಕೆ ಒಬ್ಬರು. ಹುಳು ಸಾಗಿಸಲು ಗೂಡ್ಸ್ ಆಟೋ, ಅದಕ್ಕೆ ಒಬ್ಬರು. ಚಾಕಿಗೆಂದೇ ಗೊಬ್ಬರ ನೀರು ಕೊಟ್ಟು ಎಳೆ ಸೊಪ್ಪು ಬೆಳೆಸಿದ್ದ ನಿರ್ದೇಶಕರೊಬ್ಬರಿದ್ದರು; ತೋಟದವರು ಎಂದು ಕರೆಯುತ್ತೇನೆ. ಅವರ ತೋಟದ ಪಕ್ಕದಲ್ಲಿ ಬೇರೆಯವರ ಬೀನ್ಸ್ ಹೊಲ. ಬೀನ್ಸಿಗೆ ಹೊಡೆದ ಔಷಧಿ ಗಾಳಿಯಲ್ಲಿ ಬಂದು ಸೊಪ್ಪಿನ ಮೇಲೆ ಕೂತರೆ, ಆ ಸೊಪ್ಪು ತಿಂದ ಹುಳು ಉಳಿಯುವುದಿಲ್ಲ. ಹಾಗಾಗಿ ಇನ್ನೊಂದು ಸಾಲು ಬರೆದೆ: ಪಕ್ಕದ ಹೊಲದವರಿಗೆ ಹೇಳುವುದು.

“ಅದು ನಂಗಿರ್ಲಿ ಮೇಡಂ. ನಾನ್ ನೋಡ್ಕತೀನಿ ಬುಡಿ” ಎಂದರು ತೋಟದವರು.

ಹಿಂದೆ ಕೂತಿದ್ದ ಒಬ್ಬರು ಎದ್ದು ಹೊರಗೆ ಹೋಗಿ ಬಂದರು. ಅಧ್ಯಕ್ಷರು, ಮುಂದಿನ ವಿಷಯ ತಗೊಳ್ಳಿ ಎಂದರು. ತೋಟ ಅವರದು, ಪಕ್ಕದ ಹೊಲ ಅವರ ಪಕ್ಕದ್ದು, ಇದಕ್ಕಿಂತ ಸರಿಯಾದ ಹೆಸರು ಇನ್ಯಾವುದು ಎಂದುಕೊಂಡು ನಾನು ಬರೆದುಕೊಂಡೆ.

ಆಮೇಲಿನ ವಾರಗಳ ಕೆಲಸ ಒಂದೇ, ಕೇಳುವುದು. ಜನರೇಟರ್ ನೋಡಿದ್ರಾ? ನೋಡ್ತೀನಿ ಬುಡಿ. ಆಟೋಗೆ ಟಾರ್ಪಾಲು ಕಟ್ಟಿಸಿದ್ರಾ? ಆಯ್ತದೆ ಬುಡಿ. ಪಕ್ಕದವರಿಗೆ ಹೇಳಿದ್ರಾ? ಯೋಳುದ್ರಾಯ್ತು ಬುಡಿ. ಗ್ರೂಪಿಗೆ ಮೆಸೇಜು ಹಾಕಿದರೆ ಸಾಲಾಗಿ ಹೆಬ್ಬೆರಳು ಬರುತ್ತಿದ್ದವು. ಬೆಳಗಿನ ಶುಭೋದಯದ ಹೂವಿಗೂ ಅದೇ ಹೆಬ್ಬೆರಳು, ನನ್ನ ಜನರೇಟರಿಗೂ ಅದೇ.

ಮೂರನೇ ಸಲ ಕೇಳಿದ ದಿನ ಸಂಜೆ ಅಧ್ಯಕ್ಷರು ಫೋನು ಮಾಡಿದರು. ವಯಸ್ಸಾದವರು, ಒಳ್ಳೆಯವರು, ಊರಿನಲ್ಲಿ ಯಾರ ಮನೆಯ ಕಷ್ಟಕ್ಕೂ ಮೊದಲು ಹೋಗಿ ನಿಲ್ಲುವವರು. ಸುತ್ತಿಬಳಸಿ ಬೆಳೆಯ ವಿಷಯ, ಮಳೆಯ ವಿಷಯ ಮಾತಾಡಿ ಕೊನೆಗೆ ವಿಷಯಕ್ಕೆ ಬಂದರು. ಒಂದು ಸಲ ಒಪ್ಪಿಕೊಂಡವರನ್ನು ಪದೇಪದೇ ಕೇಳಿದರೆ ನಂಬಿಕೆ ಇಲ್ಲ ಎಂದಾಗುತ್ತದಂತೆ. “ಪೊಲೀಸ್ನೋರಂಗೆ ವಿಚಾರ್ಸಬ್ಯಾಡಿ ಮೇಡಂ. ಅವ್ರು ಮನ್ಸಿಗೆ ಅಚ್ಕಂಡವ್ರೆ.” ನಾನು ಫೋನಿಟ್ಟು ಗೋಡೆಯ ಮೇಲಿನ ಬೋರ್ಡು ನೋಡಿದೆ. ಮೂರನೇ ಅಂಕಣದ ತಾರೀಖುಗಳು ಒಂದೊಂದಾಗಿ ದಾಟಿ ಹೋಗುತ್ತಿದ್ದವು.

ನನ್ನ ಕೈಯಲ್ಲಿದ್ದ ಕೆಲಸ ನಾನು ಮಾಡುತ್ತಾ ಹೋದೆ. ಕೇಂದ್ರದಲ್ಲಿ ಕೆಲಸಕ್ಕಿದ್ದ ಅಕ್ಕನೊಬ್ಬರ ಜೊತೆ ಸೇರಿ ಗೋಡೆ, ನೆಲ, ತಟ್ಟೆ, ಸ್ಟ್ಯಾಂಡು ಎಲ್ಲ ಬ್ಲೀಚಿಂಗ್ ಪೌಡರ್ ನೀರಿನಲ್ಲಿ ತೊಳೆದೆ. ಬಾಗಿಲಿಗೆ ಸುಣ್ಣದ ಪುಡಿ ಹಾಕಿದೆ. ತೇವದ ಯಂತ್ರ ಓಡಿಸಿ ಒಳಗಿನ ಗಾಳಿ ಹದಕ್ಕೆ ತಂದೆ. ಮೊಟ್ಟೆ ಬಂತು. ದಿನ ಕಳೆದ ಹಾಗೆ ಮೊಟ್ಟೆಯೊಳಗೆ ಸೂಜಿಯ ಮೊನೆಯಷ್ಟು ಕಪ್ಪು ಚುಕ್ಕೆ ಕಂಡಿತು. ಅದು ಹುಳುವಿನ ತಲೆ. ಇನ್ನೆರಡು ದಿನಕ್ಕೆ ಹೊರಬರುತ್ತದೆ ಎಂದು ಅರ್ಥ. ಈ ಹೊತ್ತಿಗೆ ಕಪ್ಪು ಕಾಗದ ಸುತ್ತಿ ಕತ್ತಲಲ್ಲಿಟ್ಟರೆ, ತೆಗೆದು ಬೆಳಕಿಗೆ ಇಟ್ಟ ಬೆಳಿಗ್ಗೆ ಎಲ್ಲವೂ ಒಟ್ಟಿಗೆ ಒಡೆಯುತ್ತವೆ.

ಕಾಗದ ಸುತ್ತುವ ಮೊದಲು ಸೊಪ್ಪು ಒಮ್ಮೆ ನೋಡಿ ಬರೋಣ ಎಂದು ಬೆಳಿಗ್ಗೆ ತೋಟಕ್ಕೆ ಹೋದೆ. ಬದುವಿನ ಹತ್ತಿರ ಹೋಗುವ ಮೊದಲೇ ವಾಸನೆ ಮೂಗಿಗೆ ಹೊಡೆಯಿತು. ಬೀನ್ಸ್ ಹೊಲಕ್ಕೆ ಹಿಂದಿನ ಸಂಜೆ ಔಷಧಿ ಬಿದ್ದಿತ್ತು. ಗಾಳಿ ನಮ್ಮ ಕಡೆಗೇ ಇತ್ತು.

ವಾಸನೆ ನಂಬಿ ತೀರ್ಮಾನ ಮಾಡಬಾರದು. ತೋಟದ ಬೇರೆಬೇರೆ ಕಡೆಯಿಂದ ಸೊಪ್ಪು ಕಿತ್ತು, ಪಕ್ಕದೂರಿನ ರೈತರೊಬ್ಬರಿಂದ ಒಂದಷ್ಟು ಹುಳು ಕೇಳಿ ತಂದು, ಬೇರೆಬೇರೆ ತಟ್ಟೆಯಲ್ಲಿ ಹಾಕಿ ಕಾದೆ. ಬದುವಿನ ಕಡೆಯ ಸೊಪ್ಪು ತಿಂದ ಹುಳು ಮಧ್ಯಾಹ್ನದ ಹೊತ್ತಿಗೆ ತಲೆ ಎತ್ತಿ ಒದ್ದಾಡಿ ಹಸಿರು ನೀರು ಕಕ್ಕಿದವು. ನಡುವಿನ ಸಾಲಿನದೂ ಹಾಗೇ. ತೋಟದ ಆಚೆ ತುದಿಯ, ರಸ್ತೆ ಕಡೆಯ ಸ್ವಲ್ಪ ಸೊಪ್ಪು ತಿಂದವು ಮಾತ್ರ ಸುಮ್ಮನೆ ಮೇಯುತ್ತಿದ್ದವು.

ತೋಟದವರ ಮನೆಗೆ ಹೋದೆ. ಅವರು ಹಟ್ಟಿಯಲ್ಲಿ ಎಮ್ಮೆಗೆ ಮೇವು ಹಾಕುತ್ತಿದ್ದರು. ಪಕ್ಕದವರಿಗೆ ಹೇಳಿದ್ರಾ ಇಲ್ವಾ ಎಂದು ಕೇಳಿದೆ. ಹೇಳಬೇಕು ಅಂತಲೇ ಇದ್ದೆ ಎಂದರು. ಯಾಕೆ ಹೇಳಲಿಲ್ಲ ಎಂದೆ. ಎಮ್ಮೆಯ ಹಗ್ಗ ಬಿಚ್ಚಿ ಮತ್ತೆ ಕಟ್ಟಿದರು. ಅಲ್ಲಿಂದ ಪಕ್ಕದ ಹೊಲದವರನ್ನೇ ಹುಡುಕಿಕೊಂಡು ಹೋದೆ. ಅವರು ಪಂಪ್‌ಸೆಟ್ಟಿನ ಹತ್ತಿರ ಕೂತು ಬೀಡಿ ಹಚ್ಚುತ್ತಿದ್ದರು.

“ನಿಮಗೆ ಯಾರೂ ಹೇಳಲಿಲ್ವಾ? ಚಾಕಿ ಮುಗಿಯೋವರೆಗೆ ಔಷಧಿ ಹೊಡೀಬೇಡಿ ಅಂತ?”

“ಯಾರ್ ಯೋಳ್ತಾರೆ?”

“ಪಕ್ಕದ ತೋಟದವರು.”

ಅವರು ನನ್ನ ಮುಖವನ್ನೇ ನೋಡಿದರು, ನಾನು ತಮಾಷೆ ಮಾಡುತ್ತಿದ್ದೇನೋ ಎಂಬ ಹಾಗೆ. “ಅವ್ನು ನಮ್ ದೊಡ್ಡಪ್ಪನ್ ಮಗ ಕಣವ್ವ. ನಾವಿಬ್ರೂ ಮಾತ್ ಬುಟ್ಟು ನನ್ ಮಗ್ಳು ಮದ್ವೆಯಿಂದೀಚ್ಗೆ ಆಯ್ತು. ಆ ಮಗೀಗೆ ಈಗ ಎಲ್ಡ್ ಮಕ್ಳು.”

ಮಾತು ಬಿಡುವುದು ಏನೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ನಮ್ಮೂರಿನಲ್ಲೂ ಅಂಥ ಜೋಡಿಗಳಿವೆ. ಜಗಳವಾಡುವುದಿಲ್ಲ, ಕೇಡು ಬಯಸುವುದಿಲ್ಲ, ಒಂದೇ ಬಸ್ಸಿನಲ್ಲಿ ಅಕ್ಕಪಕ್ಕ ಕೂತು ಹೋಗುತ್ತಾರೆ. ಮಾತು ಮಾತ್ರ ಇಲ್ಲ. ಮೊದಲು ಬಾಯಿ ತೆರೆದವನು ಸೋತ ಹಾಗೆ. ನಮ್ಮೂರಿನ ಜೋಡಿಗಳೆಲ್ಲ ನನಗೆ ಬಾಯಿಪಾಠ. ಈ ಊರಿನವು ಗೊತ್ತಿರಲಿಲ್ಲ, ಅಷ್ಟೇ. ಆದರೆ ಆ ಸಭೆಯಲ್ಲಿ ಕೂತಿದ್ದ ಮಿಕ್ಕವರಿಗೆ?

ನೇರ ಅಧ್ಯಕ್ಷರ ಮನೆಗೆ ಹೋಗಿ ಜಗುಲಿಯ ಮೇಲೆ ಕೂತು ಅದನ್ನೇ ಕೇಳಿದೆ. ಆ ಹೊತ್ತಿಗೆ ನನ್ನ ಸಭೆಯ ಕನ್ನಡ ಮುಗಿದಿತ್ತು.

“ನಿಮ್ಗೆ ಗೊತ್ತಿತ್ತಾ, ಅವ್ರಿಬ್ರೂ ಮಾತಾಡಕಿಲ್ಲ ಅಂತ?”

“ಊರ್ಗೇ ಗೊತ್ತದೆ ಕಣವ್ವ.”

“ಮತ್ಯಾಕೆ ಅವತ್ತು ಯಾರೂ ಬಾಯ್ ಬಿಡ್ಲಿಲ್ಲ?”

“ಎಲ್ಲಾರ್ ಮುಂದೆ ಎಂಗ್ ಯೋಳದು? ಅವ್ನಾಗವ್ನೇ ಒಪ್ಕಂಡ. ನಿನ್ ಕೈಲಾಗಕಿಲ್ಲ ಬುಡಪ್ಪ ಅಂದ್ರೆ ಅವನ್ ಮರ್ಯಾದೆ ಏನಾದದು?”

“ಅವ್ರಾದ್ರೂ ಒಲ್ಲೆ ಅನ್ಬೋದಿತ್ತು.”

“ಒಲ್ಲೆ ಅಂದ್ರೆ ಯಾಕೆ ಅಂತ ನೀವ್ ಕೇಳ್ತಿದ್ರಿ.”

ಕೇಳುತ್ತಿದ್ದೆ. ಅದೂ ನಿಜ. ಒಬ್ಬನ ಮರ್ಯಾದೆ ಕಾಯಲು ಒಂದು ಕೋಣೆ ತುಂಬಾ ಜನ ಒಟ್ಟಾಗಿ, ಒಂದು ಮಾತೂ ಆಡದೆ, ಆಗಲಾರದ ಕೆಲಸವನ್ನು ಆಗುವ ಕೆಲಸ ಎಂದು ಬರೆಸಿದ್ದರು. ಒಗ್ಗಟ್ಟಿಲ್ಲ ಎಂದು ನಮ್ಮ ಜನರನ್ನು ಬೈಯುವವರಿಗೆ ಇದನ್ನು ತೋರಿಸಬೇಕು.

ಅಧ್ಯಕ್ಷರು ಆಗಲೇ ಫೋನು ತೆಗೆದು ನಾಳೆಗೆ ತುರ್ತು ಸಭೆ ಎಂದು ಗ್ರೂಪಿಗೆ ಹಾಕಿಸುತ್ತಿದ್ದರು. ಟೀ ಜೊತೆಗೆ ಇಡ್ಲಿಯನ್ನೂ ಹೇಳೋಣ ಎಂದರು. ನನಗೆ ರೇಗಿದ್ದು ಆಗ, ಯೋಚನೆ ಸ್ಪಷ್ಟವಾಗಿದ್ದೂ ಆಗಲೇ. ಸಭೆ ಬೇಡ ಎಂದೆ. ಸಭೆಯಿಲ್ಲದೆ ತೀರ್ಮಾನ ಹೇಗೆ ಎಂದು ಅವರು ಕೇಳಿದರು. “ತೀರ್ಮಾನ ಆದ ಮೇಲೆ ಸಭೆ ಮಾಡೋಣ” ಎಂದು ಎದ್ದೆ. ಅವರಿಗೆ ಅದು ಹಿಡಿಸಲಿಲ್ಲ. ಹುಡುಗಿ ಹೆಚ್ಚು ಓದಿಬಿಟ್ಟಿದ್ದಾಳೆ ಎಂದು ಆಮೇಲೆ ಯಾರಿಗೋ ಹೇಳಿದರಂತೆ. ಹೌದು, ಓದಿದ್ದೇನೆ.

ಮೊದಲು ಸಮಯ ಬೇಕಿತ್ತು. ಚುಕ್ಕೆ ಕಂಡ ಮೊಟ್ಟೆಯನ್ನು ತಣ್ಣಗಿನ ಪೆಟ್ಟಿಗೆಯಲ್ಲಿಟ್ಟರೆ ಎರಡು ಮೂರು ದಿನ ತಡೆಹಿಡಿಯಬಹುದು, ಅದಕ್ಕಿಂತ ಹೆಚ್ಚು ಇಟ್ಟರೆ ಹುಳು ಸೊರಗುತ್ತದೆ. ಐಸ್ ಪೆಟ್ಟಿಗೆಯಲ್ಲಿ ಮೊಟ್ಟೆಯನ್ನು ಮಂಡ್ಯಕ್ಕೆ ಒಯ್ದು, ಪರಿಚಯದವರ ಹತ್ತಿರ ಹದ ತಪ್ಪದ ಶೀತಲ ಪೆಟ್ಟಿಗೆಯಲ್ಲಿ ಇಡಿಸಿ ಬಂದೆ. ವಾಪಸು ಬಂದವಳೇ ಸ್ಕೂಟರ್ ಹತ್ತಿ, ಬೋರ್ಡಿನಲ್ಲಿ ಹೆಸರಿದ್ದ ಒಬ್ಬೊಬ್ಬರ ಮನೆಗೂ ಹೋದೆ. ಎಲ್ಲಿಯೂ “ಆಯ್ತಾ” ಎಂದು ಕೇಳಲಿಲ್ಲ. ಮನೆಯವರು ಒಳಗೆ ಹೋದ ಹೊತ್ತು ನೋಡಿ, ಎದುರಿಗೆ ಬೇರೆ ಯಾರೂ ಇಲ್ಲದಾಗ, ಒಂದೇ ಪ್ರಶ್ನೆ: ಈ ಕೆಲಸಕ್ಕೆ ಏನು ಅಡ್ಡ ಇದೆ?

ಅಡ್ಡ ಇಲ್ಲದ ಸಾಲು ಬೋರ್ಡಿನಲ್ಲಿ ಹೆಚ್ಚು ಇರಲಿಲ್ಲ. ಜನರೇಟರಿನವರು ಅದನ್ನು ಶಾಮಿಯಾನ ಹಾಕುವ ಬಾಮೈದನಿಗೆ ಮದುವೆ ಸೀಸನ್ನಿಗೆಂದು ಕೊಟ್ಟು ಕಳಿಸಿದ್ದರು. ವಾಪಸು ಕೇಳಿದರೆ ಹೆಂಡತಿ ಮನೆಯಲ್ಲಿ ಇರಗೊಡುವುದಿಲ್ಲ. ಆಟೋ ಬೆಳಗಿನ ಜಾವ ಹೂವಿನ ಮಾರ್ಕೆಟ್ಟಿಗೆ ಬಾಡಿಗೆಗೆ ಗೊತ್ತಾಗಿತ್ತು, ನಮಗೆ ಬೇಕಾಗಿದ್ದೂ ಬೆಳಗಿನ ಜಾವವೇ. ಇದನ್ನೆಲ್ಲ ಒಬ್ಬೊಬ್ಬರೇ ಇದ್ದಾಗ ಎಷ್ಟು ಸುಲಭವಾಗಿ ಹೇಳಿದರು ಎಂದರೆ, ನಾನು ಅಷ್ಟು ವಾರ ಕಾಡಿ ಬೇಡಿ ಕೇಳಿದ್ದು ನೆನೆದು ತಲೆ ಚಚ್ಚಿಕೊಳ್ಳುವ ಹಾಗಾಯಿತು. ಆಟೋದವರು ಟೀ ಕೊಟ್ಟು ಸಮಾಧಾನ ಬೇರೆ ಮಾಡಿದರು. “ನೀವ್ ಮೊದ್ಲೇ ಇಂಗೆ ಮನೆ ತಾವ ಬಂದ್ ಕೇಳಿದ್ರೆ ಯೋಳ್ತಿರ್ಲಿಲ್ವಾ?”

ಜನರೇಟರ್ ಇನ್ನೊಬ್ಬರಿಂದ ಬಂತು. ಆಟೋವನ್ನು ಬಿಟ್ಟು, ಹಾಲಿನ ಕ್ಯಾನು ಒಯ್ಯುವ ವ್ಯಾನಿನವರನ್ನು ಹಿಡಿದೆ. ಸೊಪ್ಪಿಗೆ ಮದ್ದೂರು ಕಡೆಯ ಸದಸ್ಯರೊಬ್ಬರು ಒಪ್ಪಿದರು, ಆದರೆ ಮೊದಲ ಜ್ವರದವರೆಗೆ ಮಾತ್ರ. ಅದರಾಚೆ ಕೊಟ್ಟರೆ ಅವರ ಸ್ವಂತ ಹುಳುವಿಗೆ ಸಾಲದು. ಎರಡನೇ ಜ್ವರದವರೆಗಿನ ಸೊಪ್ಪು ಹಳೆಯ ತೋಟದ ರಸ್ತೆ ಕಡೆಯ ತುದಿಯಿಂದಲೇ ಬರಬೇಕಿತ್ತು. ಅಂದರೆ ಬೀನ್ಸಿಗೆ ಇನ್ನೊಂದು ಸಲ ಔಷಧಿ ಬಿದ್ದರೆ ಎಲ್ಲ ಮುಗಿಯಿತು. ಸುತ್ತಿ ಸುತ್ತಿ ಮತ್ತೆ ಅದೇ ಸಾಲಿಗೆ ಬಂದು ನಿಂತಿದ್ದೆ: ಪಕ್ಕದ ಹೊಲದವರಿಗೆ ಹೇಳುವುದು.

ಮಾರನೆಯ ಸಂಜೆ ಪಕ್ಕದ ಹೊಲದವರನ್ನು ಬದುವಿನ ಮೇಲೆ ನಿಲ್ಲಿಸಿ ಮಾತಾಡುತ್ತಿದ್ದಾಗ ತೋಟದವರೂ ಕುಡುಗೋಲು ಹಿಡಿದು ಅಲ್ಲಿಗೇ ಬಂದರು. ಬಂದವರು ಹೋಗಲಿಲ್ಲ. ಇಬ್ಬರ ನಡುವೆ ಎರಡು ಮಾರು ಜಾಗ, ಆ ಜಾಗದಲ್ಲಿ ನಾನು.

“ನಿಮ್ ಉಳ ಸಾಯ್ತದೆ ಅಂತ ನನ್ ಬೀನ್ಸ್ ಸಾಯ್ಸನಾ ಮೇಡಮ್ಮ? ಊವು ಕಚ್ಚೋ ಒತ್ತು. ಈಗ್ ಬುಟ್ರೆ ಒಂದ್ ಕಾಯೂ ಸಿಕ್ಕಕಿಲ್ಲ.”

ತೋಟದವರು ನನ್ನ ಮುಖ ನೋಡಿಕೊಂಡೇ ಹೇಳಿದರು: “ಸಾಯ್ಸು ಅಂತ ಯಾರೂ ಅಂದಿಲ್ಲ ಅಂತ ಯೋಳಿ ಮೇಡಂ.”

“ಏನಂತೆ?” ಎಂದು ಪಕ್ಕದವರು ನನ್ನನ್ನು ಕೇಳಿದರು.

“ಕೇಳಿಸಲಿಲ್ವಾ?”

“ಕೇಳುಸ್ತು. ನೀವ್ ಯೋಳಿ.”

ಹೇಳಿದೆ. ಎರಡು ಮಾರು ದೂರದಿಂದ ಬಂದ ಮಾತನ್ನು ಹಾಗೇ ಎತ್ತಿ ಅತ್ತ ಇಟ್ಟೆ, ಅಲ್ಲಿಂದ ಬಂದದ್ದನ್ನು ಇತ್ತ ಇಟ್ಟೆ. ಎಂ.ಎಸ್ಸಿ.ಯಲ್ಲಿ ಇದಕ್ಕೊಂದು ಪೇಪರ್ ಇರಲಿಲ್ಲ. ಕೊನೆಗೆ ಇಷ್ಟು ತೀರ್ಮಾನವಾಯಿತು: ಔಷಧಿ ಹೊಡೆಯಲೇಬೇಕಾಗಿ ಬಂದರೆ ಒಂದು ದಿನ ಮೊದಲು ತಿಳಿಸುವುದು. ತಿಳಿಸಿದರೆ ರಸ್ತೆ ಕಡೆಯ ಸೊಪ್ಪನ್ನೆಲ್ಲ ಮೊದಲೇ ಕುಯ್ದು ಒದ್ದೆ ಗೋಣಿಯಲ್ಲಿ ಮುಚ್ಚಿಟ್ಟುಕೊಳ್ಳಬಹುದು. ಹುಳು ಕೊನೆಯ ಹಂತದಲ್ಲಿದ್ದರೆ ಅಷ್ಟು ಸಾಕು.

“ಯಾರ್ಗ್ ತಿಳ್ಸನಾ? ನಿಮ್ ಫೋನು ನೋಡುದ್ರೆ ಯಾವಾಗ್ಲೂ ಬಿಜಿ. ಅವ್ನಿಗಂತೂ ನಾನ್ ಯೋಳಕಿಲ್ಲ” ಎಂದರು ಪಕ್ಕದವರು.

ಬೀನ್ಸ್ ಸಾಲಿನಲ್ಲಿ ಕಳೆ ಕೀಳುತ್ತಿದ್ದ ಅವರ ಹೆಂಡತಿ ಬಗ್ಗಿದ ಸೊಂಟ ಎತ್ತದೆಯೇ ಹೇಳಿದರು. “ನಾನ್ ಅಕ್ಕಂಗೆ ಯೋಳ್ತೀನಿ ಬುಡವ್ವ. ದಿನಾ ಡೈರೀಲಿ ಸಿಕ್ಕಕಿಲ್ವಾ?”

ಅಕ್ಕ ಎಂದರೆ ತೋಟದವರ ಹೆಂಡತಿ. ಗಂಡಂದಿರು ಮಾತು ಬಿಟ್ಟ ಇಷ್ಟು ವರ್ಷವೂ ಈ ಇಬ್ಬರು ದಿನಕ್ಕೆರಡು ಹೊತ್ತು ಹಾಲು ಹಾಕಲು ಸಾಲಿನಲ್ಲಿ ಹಿಂದೆಮುಂದೆ ನಿಲ್ಲುತ್ತಿದ್ದರು. ಅದನ್ನು ಇಬ್ಬರು ಗಂಡಸರೂ ಬಲ್ಲರು. ಇಬ್ಬರೂ ಈಗ ಬೇರೆಬೇರೆ ದಿಕ್ಕಿಗೆ ನೋಡುತ್ತಾ ನಿಂತರು.

ಅವತ್ತೇ ಬೋರ್ಡಿನಲ್ಲಿ ಆ ಸಾಲಿನ ಮುಂದಿದ್ದ ಹೆಸರು ಒರೆಸಿ ಇಬ್ಬರು ಹೆಂಗಸರ ಹೆಸರು ಬರೆದೆ. ಒಂದು ಕೆಲಸಕ್ಕೆ ಒಂದೇ ಹೆಸರು ಎಂದು ಕಲಿಸಿದ್ದವರು ನಮ್ಮ ಡೈರಿಯ ಸಾಲು ನೋಡಿರಲಿಲ್ಲ. ಅಧ್ಯಕ್ಷರು ಬಂದು ನೋಡಿ, ಅವರು ಸದಸ್ಯರೇ ಅಲ್ಲವಲ್ಲ ಎಂದು ಗೊಣಗಿದರು. ನಾನು ಮೊಟ್ಟೆ ತರಲು ಮಂಡ್ಯಕ್ಕೆ ಹೊರಟಿದ್ದೆ, ನಿಂತು ವಾದಿಸಲು ಹೊತ್ತಿರಲಿಲ್ಲ.

ಕಪ್ಪು ಕಾಗದ ತೆಗೆದ ಬೆಳಿಗ್ಗೆ ಮೊಟ್ಟೆ ಒಡೆದು ಹುಳು ಬಂದವು, ಸ್ವಲ್ಪ ಹಿಂದೆಮುಂದಾದರೂ ಬಂದವು. ಎಳೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ಮೇಲೆ ಉದುರಿಸಿ, ಮೇಣದ ಕಾಗದ ಮುಚ್ಚಿದೆವು. ಮೊದಲ ಜ್ವರಕ್ಕೆ ಕೂತು ಎದ್ದವು. ಒಂದಿಷ್ಟು ತಟ್ಟೆಯಲ್ಲಿ ಹುಳು ಸಮನಾಗಿ ಏಳಲಿಲ್ಲ, ಅವನ್ನು ಬೇರೆ ಮಾಡಿ ತೆಗೆಸಿದೆ. ಎರಡನೇ ಹಂತಕ್ಕೆ ರಸ್ತೆ ಕಡೆಯ ಸೊಪ್ಪನ್ನು ಮತ್ತೊಮ್ಮೆ ಪರೀಕ್ಷೆ ಮಾಡಿ ಹಾಕಲು ಶುರು ಮಾಡಿದ ಮೇಲೆ ಒಂದು ಸಂಜೆ ತೋಟದವರ ಹೆಂಡತಿ ಖಾಲಿ ಹಾಲಿನ ಕ್ಯಾನು ಹಿಡಿದುಕೊಂಡೇ ಕೇಂದ್ರಕ್ಕೆ ಬಂದರು.

“ನಾಳೀಕ್ ಔಸ್ದಿ ಒಡೀತಾರಂತೆ ಕಣವ್ವ. ಉಳ ಬಿದ್ಬುಟ್ಟದಂತೆ ಬೀನ್ಸ್‌ಗೆ. ಇವತ್ತೇ ಕುಯ್ಕಂಬುಡಿ ಅಂದ್ಲು.”

ಕತ್ತಲಾಗುವುದರೊಳಗೆ ಸೊಪ್ಪು ಕುಯ್ಯಬೇಕಿತ್ತು. ತೋಟದವರು ಯಾರೂ ಕರೆಯದೆ ಕುಡುಗೋಲು ತಂದರು, ಹೆಂಡತಿ ಬಂದರು, ಕೇಂದ್ರದ ಅಕ್ಕ ಬಂದರು. ಅಧ್ಯಕ್ಷರು ಪಂಚೆ ಎತ್ತಿ ಕಟ್ಟಿಕೊಂಡು ಗೋಣಿ ಒದ್ದೆ ಮಾಡಿ ಕೊಟ್ಟರು. ಮಾರನೆಯ ದಿನ ಬೀನ್ಸಿಗೆ ಔಷಧಿ ಬಿತ್ತು. ಮುಚ್ಚಿಟ್ಟ ಸೊಪ್ಪು ಎರಡನೇ ಜ್ವರದವರೆಗೆ ಬಂತು, ಕೊನೆಯ ಹೊತ್ತಿಗೆ ಗೋಣಿಯಲ್ಲಿ ಹಿಡಿಯಷ್ಟೇ ಉಳಿದಿತ್ತು. ಜ್ವರದಿಂದೆದ್ದ ಹುಳುವನ್ನು ಬೆಳಗಿನ ತಂಪಿನಲ್ಲಿ ವ್ಯಾನಿಗೆ ಹೇರಿ ಮೂವತ್ತು ಮನೆಗೂ ಇಳಿಸಿ ಬಂದೆವು. ಅವರ ಸೊಪ್ಪು ಇನ್ನೂ ಬಲಿತಿರಲಿಲ್ಲ. ಕೆಲವು ವಾರ ಕಳೆದು ಗೂಡು ಬಿಡಿಸಿದಾಗ ಎಲ್ಲರಿಗೂ ಬೆಳೆ ಬಂತು, ಒಬ್ಬೊಬ್ಬರಿಗೆ ಒಂದೊಂದು ಥರ.

ಮುಂದಿನ ಬ್ಯಾಚಿಗೆ ಸಭೆ ಕರೆದೆ, ಎಂಟೂವರೆಗೆ. ಹತ್ತಕ್ಕೆ ಶುರುವಾಯಿತು. ಅಧ್ಯಕ್ಷರು ಎಲ್ಲರ ಸಹಕಾರದಿಂದ ಮೊದಲ ಬೆಳೆ ಯಶಸ್ವಿಯಾಯಿತು ಎಂದು ಉದ್ದನೆಯ ಮಾತಾಡಿದರು. ಅಡ್ಡಿ ಅಂತ ಒಂದೂ ಬರಲಿಲ್ಲ ಎಂದೂ ಸೇರಿಸಿದರು. ನಾನು ಮಾರ್ಕರಿನ ಮುಚ್ಚಳ ತೆಗೆದು ನಿಂತಿದ್ದೆ. ಆಮೇಲೆ ಅವರು ಬೋರ್ಡಿನ ಕಡೆ ತಿರುಗಿದರು. ಅಲ್ಲಿ ಕಳೆದ ಸಲದ ಹೆಸರುಗಳ ನಡುವೆ ಹೆಂಗಸರ ಹೆಸರು ಇನ್ನೂ ಹಾಗೇ ಇತ್ತು. ತೋಟದವರಿಗೆ ಹೋದ ಮರ್ಯಾದೆಯನ್ನು ವಾಪಸು ಕೊಡಿಸಲೇಬೇಕು ಎಂದು ಅವರು ಮನಸ್ಸು ಮಾಡಿ ಬಂದಿದ್ದರು.

“ಅದನ್ನ ಅಳಿಸ್ಬುಡಿ ಮೇಡಂ. ಈ ಸಲ ನಮ್ ತೋಟದೋರೇ ನೋಡ್ಕತಾರೆ. ಏನಪ್ಪ?”

ತೋಟದವರು ಎದ್ದು ನಿಂತರು. ಕೆಳಗೆ ನೋಡಿದರು, ಟವೆಲು ಸರಿಮಾಡಿಕೊಂಡರು.

“ಬ್ಯಾಡ. ಅದು ನನ್ ಕೈಲಾಗಕಿಲ್ಲ. ನಾನೂ ಅವ್ನೂ ಮಾತಾಡಕಿಲ್ಲ.”

ಕೋಣೆಯಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ. ಅವರು ಕೂತುಕೊಂಡರು. ಆಕಾಶ ಬೀಳಲಿಲ್ಲ ಎಂದು ಖಾತರಿಯಾದ ಮೇಲೆ ಜನರೇಟರಿನವರು ಕೈಯೆತ್ತಿ, ಈ ಸಲವೂ ಮದುವೆ ಸೀಸನ್ ಇದೆ, ತಮ್ಮನ್ನು ನೆಚ್ಚಬೇಡಿ ಎಂದರು. ಆಟೋದವರು ತಮ್ಮದೂ ಇದೆ ಎಂದರು. ಹಿಂದಿನಿಂದ ಇನ್ನೊಬ್ಬರು, ಅವರ ಪಕ್ಕ ಕೂತಿದ್ದವರು. ನಾನು ಒಂದೊಂದೇ ಹೆಸರು ಒರೆಸುತ್ತಾ ಬಂದೆ. ಕೊನೆಗೆ ಉಳಿದದ್ದು ಆ ಇಬ್ಬರು ಹೆಂಗಸರ ಸಾಲು ಮತ್ತು ನನ್ನದು.

ಅಧ್ಯಕ್ಷರು ಬೋರ್ಡು ನೋಡಿ ಬೇಜಾರು ಮಾಡಿಕೊಂಡರು. ಇಷ್ಟೊತ್ತು ಸಭೆ ಮಾಡಿ ಒಂದು ಹೆಸರೂ ಆಗಲಿಲ್ಲವಲ್ಲ ಎಂದರು. ನಾನು ಎಲ್ಲರಿಗೂ ಇನ್ನೊಂದು ಸುತ್ತು ಟೀ ಹೇಳಿ, ಬೋರ್ಡಿನ ಮೊದಲ ಸಾಲಿನಿಂದ ಮತ್ತೆ ಶುರು ಮಾಡಿದೆ.